ಕ್ರೂಸರ್-ರೇಸರ್ ಹಾಯಿದೋಣಿ ಅಂದರೆ ಏನು? ಮಾರ್ಕೋನಹಳ್ಳಿ ಡ್ಯಾಮ್‌ನಲ್ಲಿ ಓಡುತ್ತಾ?

ಭಾನುವಾರ ರೇಸಿಗೂ ಸೈ, ಎರಡು ದಿನದ ಪ್ರವಾಸಕ್ಕೂ ಸೈ ಅನ್ನುವ ದೋಣಿ ಇದು. ಒಳ್ಳೆಯ ಉದಾಹರಣೆ ಜೆ/24. ಅಮೆರಿಕದ ರಾಡ್ ಜಾನ್‌ಸ್ಟೋನ್ ಮೊದಲನೆಯದನ್ನು ತಮ್ಮ ಮನೆಯ ಗ್ಯಾರೇಜಿನಲ್ಲೇ ಕಟ್ಟಿದರು. 1977ರಿಂದ ಮಾರಾಟಕ್ಕೆ ಬಂತು.

ಉದ್ದ 24 ಅಡಿ, ತೂಕ ಸುಮಾರು 1,400 ಕೆಜಿ. ಇದರಲ್ಲಿ 400 ಕೆಜಿಗೂ ಜಾಸ್ತಿ ತಳದ ಕೀಲ್‌ನದ್ದೇ. ನೀರಿನೊಳಗೆ ರೆಕ್ಕೆಯಂತೆ ಇಳಿದಿರುವ ಸೀಸದ ಭಾಗ ಅದು. ಜಾತ್ರೆಯಲ್ಲಿ ಸಿಗುವ ತಳಭಾರದ ಬೊಂಬೆ ತಳ್ಳಿದರೂ ಎದ್ದು ನಿಲ್ಲುತ್ತದಲ್ವಾ? ಅದೇ ಲೆಕ್ಕ. ಗಾಳಿ ಹಾಯಿಯನ್ನು ಪಕ್ಕಕ್ಕೆ ಒತ್ತಿದಾಗ ಈ ಭಾರ ದೋಣಿಯನ್ನು ನೆಟ್ಟಗೆ ಎಳೆಯುತ್ತದೆ. ಅಡ್ಡಕ್ಕೆ ಜಾರದಂತೆಯೂ ಕೀಲ್ ತಡೆಯುವುದರಿಂದ ಗಾಳಿಗೆ ಓರೆಯಾಗಿ ಮುಂದೆ ಹೋಗಬಹುದು. ನೇರ ಎದುರಿಗೆ ಮಾತ್ರ ಆಗಲ್ಲ.

ಒಳಗೆ ನಾಲ್ಕು ಜನ ಮಲಗಬಹುದು. ಆದರೆ ನಿಲ್ಲೋಕಾಗಲ್ಲ, ಕೂತೇ ಓಡಾಡಬೇಕು! ಛಾವಣಿ ಎತ್ತರಿಸಿದರೆ ಗಾಳಿಗೆ ತಡೆ, ವೇಗ ಕಮ್ಮಿ. ನನಗಂತೂ ಇದು ಪ್ರವಾಸಕ್ಕಿಂತ ರೇಸಿನ ಕಡೆಗೇ ವಾಲಿದ ದೋಣಿ.

ಇನ್ನು ನಮ್ಮ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ. ಕೀಲ್‌ಗೆ ಕನಿಷ್ಠ 4 ಅಡಿ ನೀರು ಬೇಕು. ಡ್ಯಾಮ್ ತುಂಬಿದಾಗ ನಡುನೀರಿನಲ್ಲಿ ತೇಲೀತು, ಬೇಸಿಗೆಯಲ್ಲಿ ದಡದ ಕೆಸರಿಗೆ ಸಿಕ್ಕಿಕೊಳ್ಳುತ್ತದೆ. ಅನುಮತಿ ಸಿಕ್ಕರೂ ಅಲ್ಲಿಗೆ ಕೀಲ್ ಮೇಲಕ್ಕೆತ್ತಬಹುದಾದ ಪುಟ್ಟ ದೋಣಿಯೇ ವಾಸಿ.