ಪಲುಡೇರಿಯಂ ಮಣ್ಣು ನಾರುತ್ತಿದ್ದರೆ

ಪಲುಡೇರಿಯಂ, ಅಂದರೆ ಕೆಳಗೆ ನೀರು, ಮೇಲೆ ಮಣ್ಣು-ಗಿಡ ಇರುವ ಗಾಜಿನ ತೊಟ್ಟಿ, ಅದರ ಮಣ್ಣು ನಾರುತ್ತಿದೆ, ಗಿಡ ಕೊಳೆಯುತ್ತಿದೆ ಎಂದು ಕೇಳಿದ್ದೀರಿ. ಕೆಳಗಿನ ನೀರು ಮಣ್ಣಿಗೆ ನೇರವಾಗಿ ತಾಗುತ್ತಿರಬೇಕು, ಬಹುಶಃ ಅದೇ ಕಾರಣ. ನೀವು ಹೇಳಿದ ಹಾಗೆ ಫಿಟೋನಿಯಾ ಗಿಡದ ಬುಡ ಕಪ್ಪಾಗಿ ಕರಗುವುದು, ಮಣ್ಣು ಕೊಳೆತ ಮೊಟ್ಟೆಯಂತೆ ನಾರುವುದು, ಎರಡೂ ಬೇರಿಗೆ ಗಾಳಿ ಸಿಗದಿದ್ದಾಗ ಆಗುವಂಥವು.

ಮಣ್ಣು ಕೆದಕುವ ಮೊದಲೇ ತೊಟ್ಟಿಯ ನೀರಿನಲ್ಲಿರುವ ಸಿಗಡಿಗಳನ್ನು ಅದೇ ನೀರು ತುಂಬಿದ ಬಕೆಟ್‌ಗೆ ಹಾಕಿ. ಆ ವಾಸನೆಯ ಗ್ಯಾಸ್ ನೀರಿಗೆ ಸೇರಿದರೆ ಅವು ಉಳಿಯುವುದು ಕಷ್ಟ. ಕಪ್ಪಾದ ಮಣ್ಣನ್ನೆಲ್ಲ ಬಿಸಾಡಿ, ಒಣಗಿಸಿ ಮತ್ತೆ ಹಾಕಲು ಹೋಗಬೇಡಿ. ಲೀಕಾ ಬಾಲ್ಸ್ (ಸುಟ್ಟ ಜೇಡಿಮಣ್ಣಿನ ಹಗುರ ಉಂಡೆಗಳು) ಅನ್ನು ನೀರಿನ ಮಟ್ಟಕ್ಕಿಂತ 2 ಇಂಚು ಮೇಲೆ ಬರುವಷ್ಟು ಹರಡಿ. ಅದರ ಮೇಲೆ ಸೊಳ್ಳೆ ಪರದೆಯ ತುಂಡು, ಆಮೇಲೆ ಚೆನ್ನಾಗಿ ತೊಳೆದ ಕೊಕೊಪೀಟ್. ಗೊಬ್ಬರ ಬೇಡವೇ ಬೇಡ. ಮಣ್ಣಿನ ಮೇಲಿನ ಪಾಚಿಯ (ಮಾಸ್) ಅಂಚು ನೀರಿಗೆ ಇಳಿಬಿದ್ದಿದ್ದರೆ ಕತ್ತರಿಸಿ, ಅದೂ ಮಣ್ಣಿಗೆ ನೀರೆಳೆಯುತ್ತದೆ.

ಫಿಟೋನಿಯಾದ ಗಟ್ಟಿ ತುದಿ ಚಿವುಟಿ ನೆಡಿ, ಬೇರು ಬಿಡುತ್ತದೆ. ಮಣ್ಣು ನೀರಿಗೆ ತಾಗುತ್ತಲೇ ಇಲ್ಲ ಅಂತಾದರೆ ಸ್ಪ್ರೇ ಜಾಸ್ತಿ ಆಗಿರಬಹುದು, ಅದನ್ನು ಕಡಿಮೆ ಮಾಡಿ ನೋಡಿ.