ಸೋಂಕು ಮೂತ್ರದಲ್ಲಿ, ಹೃದಯ ಯಾಕೆ ಸೋತಿತು?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 61 ವರ್ಷ, ಶುಗರ್ ಇದೆ. ಕಳೆದ ತಿಂಗಳು ಮೂತ್ರದ ಸೋಂಕು ಸೆಪ್ಸಿಸ್ (ಸೋಂಕಿಗೆ ದೇಹದ ಪ್ರತಿಕ್ರಿಯೆ ಮಿತಿಮೀರಿ ಅಂಗಾಂಗಗಳೇ ಸೋಲುವ ಸ್ಥಿತಿ) ಆಗಿ ಐಸಿಯು ಸೇರಿದರು. ಆಗ ಎಕೋದಲ್ಲಿ ಇಎಫ್ (ಹೃದಯದ ಎಡ ಕೋಣೆ ತನ್ನಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರದೂಡುವ ಶೇಕಡಾ ಪಾಲು) 30, ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಪ್ರೋಟೀನ್) ಕೂಡ ಜಾಸ್ತಿ. ಹತ್ತು ದಿನ ಕಳೆದು ಡಿಸ್‌ಚಾರ್ಜ್ ಆಗುವಾಗ ಇಎಫ್ 50. ಮೊದಲು ಹೃದಯದ ತೊಂದರೆ ಇರಲಿಲ್ಲ. ಇದು ಹಾರ್ಟ್ ಅಟ್ಯಾಕಾ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ರಕ್ತನಾಳ ಕಟ್ಟಿಕೊಂಡು ಆದ ಹೃದಯಾಘಾತಕ್ಕಿಂತ, ಸೆಪ್ಸಿಸ್‌ನಿಂದ ಹೃದಯದ ಸ್ನಾಯು ಬಳಲಿದ್ದೇ ಹೆಚ್ಚು ಸಂಭವ. ಇಎಫ್ ಇಷ್ಟು ಬೇಗ ಚೇತರಿಸಿಕೊಂಡದ್ದೇ ದೊಡ್ಡ ಸುಳಿವು. ಸೆಪ್ಟಿಕ್ ಶಾಕ್‌ನಿಂದ (ಸೆಪ್ಸಿಸ್‌ನಲ್ಲಿ ಬಿಪಿ ಅಪಾಯಕಾರಿಯಾಗಿ ಕುಸಿಯುವ ಹಂತ) ಬದುಕುಳಿದವರಲ್ಲಿ ಕುಸಿದ ಇಎಫ್ 7ರಿಂದ 10 ದಿನದಲ್ಲಿ ಮರಳುವುದನ್ನು ಅಮೆರಿಕದ ವೈದ್ಯರು 1984ರಲ್ಲೇ ದಾಖಲಿಸಿದ್ದಾರೆ.

ಸೋಂಕಿನ ವಿರುದ್ಧ ಬಿಳಿ ರಕ್ತಕಣಗಳು ಸೈಟೋಕೈನ್ ಎಂಬ ಸಂದೇಶ ಅಣುಗಳನ್ನು ಹೊರಬಿಡುತ್ತವೆ. ಟಿಎನ್‌ಎಫ್ ಆಲ್ಫಾ, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಇವುಗಳಲ್ಲಿ ಮುಖ್ಯ. ಹದದಲ್ಲಿದ್ದರೆ ಇವೇ ಕಾಯುತ್ತವೆ, ಮಿತಿಮೀರಿದರೆ ಹೃದಯವನ್ನೇ ಕಾಡುತ್ತವೆ. ಪ್ರತಿ ಬಡಿತಕ್ಕೂ ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಹೊರಬಂದು ಮತ್ತೆ ತನ್ನ ಗೂಡು ಸೇರಬೇಕು. ಆ ಓಡಾಟವೇ ಹದಗೆಡುತ್ತದೆ. ನೈಟ್ರಿಕ್ ಆಕ್ಸೈಡ್ ವಿಪರೀತ ಹುಟ್ಟಿ, ಸ್ನಾಯುವಿನ ಎಳೆಗಳು ಇರುವ ಕ್ಯಾಲ್ಸಿಯಂಗೂ ಸರಿಯಾಗಿ ಸ್ಪಂದಿಸುವುದಿಲ್ಲ. ಮೈಟೋಕಾಂಡ್ರಿಯಾದಲ್ಲಿ ಶಕ್ತಿ ತಯಾರಿಕೆ ಕುಂದುತ್ತದೆ, ಅಡ್ರಿನಲಿನ್‌ಗೂ ಹೃದಯ ಮೊದಲಿನಂತೆ ಓಗೊಡುವುದಿಲ್ಲ. ವೋಲ್ಟೇಜ್ ಇಳಿದಾಗ ಫ್ಯಾನ್ ನಿಧಾನವಾಗುತ್ತದಲ್ಲ, ಹಾಗೆ. ಬಹುಪಾಲು ಕೋಶಗಳು ಸತ್ತಿರುವುದಿಲ್ಲ.

ಇದು ಬರೀ ಊಹೆಯಲ್ಲ. ಸೆಪ್ಟಿಕ್ ಶಾಕ್ ರೋಗಿಗಳ ಸೀರಂ (ರಕ್ತದ ತಿಳಿ ದ್ರವ) ಹಾಕಿದಾಗ ಇಲಿಯ ಹೃದಯಕೋಶಗಳ ಸಂಕೋಚನ ಕುಗ್ಗಿದ್ದೂ, ಅದರಿಂದ ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-1 ಎರಡನ್ನೂ ತೆಗೆದಾಗ ಆ ಕೆಟ್ಟ ಪರಿಣಾಮ ಇಲ್ಲವಾದದ್ದೂ 1996ರಲ್ಲಿ ಪ್ರಕಟವಾಯಿತು. ಹಾಗಂತ ಟಿಎನ್‌ಎಫ್ ತಡೆಯುವ ಮದ್ದು ಕೊಟ್ಟರೆ ಮುಗಿಯಿತಲ್ಲ ಎನ್ನಬೇಡಿ. ಸೆಪ್ಸಿಸ್‌ನಲ್ಲಿ ಆ ಪ್ರಯೋಗಗಳು ನಿರಾಸೆಯನ್ನೇ ತಂದವು. ಒಂದು ಸೈಟೋಕೈನ್ ಕಟ್ಟಿಹಾಕಿದರೆ ಇನ್ನೊಂದು ದಾರಿ ತೆರೆದೇ ಇರುತ್ತದೆ. ಹಾಗಾಗಿ ಇಂದಿಗೂ ನೆಚ್ಚಿಕೊಳ್ಳುವುದು ಬೇಗ ಕೊಟ್ಟ ಆಂಟಿಬಯೋಟಿಕ್, ಅಳತೆಯ ಡ್ರಿಪ್, ಸರಾಸರಿ ಬಿಪಿ 65ರ ಮೇಲಿಡಲು ನಾರ್‌ಅಡ್ರಿನಲಿನ್ ಇವನ್ನೇ.

ಟ್ರೋಪೋನಿನ್ ಏರಿದ ಮಾತ್ರಕ್ಕೆ ಬ್ಲಾಕ್ ಇದೆ ಎಂದಲ್ಲ, ಸೆಪ್ಸಿಸ್‌ನಲ್ಲೂ ಅದು ಏರುತ್ತದೆ. ಆದರೆ ಶುಗರ್ ಇರುವ 61ರ ಹೆಂಗಸಿಗೆ 'ಬ್ಲಾಕ್ ಇಲ್ಲವೇ ಇಲ್ಲ' ಎಂದು ಕೂತಲ್ಲೇ ಬರೆದುಕೊಡಲು ನಾನು ಒಪ್ಪುವುದಿಲ್ಲ. ಜಯದೇವದಲ್ಲೋ ಮನೆ ಹತ್ತಿರದ ಹೃದ್ರೋಗ ತಜ್ಞರಲ್ಲೋ ಇಸಿಜಿ, ಎಕೋ ಇನ್ನೊಮ್ಮೆ ಮಾಡಿಸಿ. ಆಂಜಿಯೋಗ್ರಾಂ ಬೇಕೇ ಎಂಬುದನ್ನು ಅವರೇ ಹೇಳಲಿ. ಇಎಫ್ ಸುಧಾರಿಸಿತೆಂದು ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಮುಂದೆ ಚಳಿಜ್ವರದ ಜೊತೆ ಮಂಪರು, ಏದುಸಿರು ಬಂದರೆ ಅಥವಾ ಮೂತ್ರ ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯದೆ ಕ್ಯಾಶುವಾಲ್ಟಿಗೆ ಕರೆದೊಯ್ಯಿರಿ.