ಕಚೇರಿಯಿಂದ ಹಟ್ಟಿಯವರೆಗೆ: ಶಾಲಾ ಮಾಹಿತಿ ಕುರಿತ ಪ್ರಶ್ನೋತ್ತರ

ದಾವಣಗೆರೆ ಮತ್ತು ಚಿತ್ರದುರ್ಗ ಶೈಕ್ಷಣಿಕ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಬರೆದವರೆಲ್ಲರೂ ಸೇವೆಯಲ್ಲಿರುವುದರಿಂದ ಹೆಸರುಗಳನ್ನು ಬಿಟ್ಟಿದ್ದೇನೆ. ಇವರಲ್ಲಿ ಯಾರೂ ಸಂವಹನಕ್ಕೆಂದು ನೇಮಕಗೊಂಡವರಲ್ಲ. ಕಂಪ್ಯೂಟರ್ ಬಲ್ಲವರು ಅಥವಾ ಅಕ್ಷರ ಚೆನ್ನಾಗಿದೆ ಎಂದು ಹಿಂದೊಮ್ಮೆ ಹೊಗಳಿಸಿಕೊಂಡವರು. ಆ ಒಂದು ಕಾರಣಕ್ಕೆ ಪತ್ರಿಕಾ ಪ್ರಕಟಣೆ, ವಾಟ್ಸ್‌ಆ್ಯಪ್ ಗುಂಪು, ಪೋಷಕರ ದೂರು ಎಲ್ಲವೂ ಇವರ ಹೆಗಲಿಗೇರಿವೆ.

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಏಳು ಗಂಟೆಗೆ, ಶಾಲೆಗಳಿಗೆ ರಜೆ ಎಂಬ ಆದೇಶದ ಚಿತ್ರ ಗುಂಪುಗಳಲ್ಲಿ ಹರಿದಾಡಿತು. ಅದು ಹಿಂದಿನ ವರ್ಷದ ಆದೇಶ. ಯಾರೋ ದಿನಾಂಕ ತಿದ್ದಿದ್ದರು. ಅದು ಸುಳ್ಳೆಂದು ನಾವು ತಿಳಿಸುವ ಹೊತ್ತಿಗೆ ಒಂಬತ್ತಾಗಿತ್ತು, ಅರ್ಧ ಮಕ್ಕಳು ಶಾಲೆಗೆ ಬರಲಿಲ್ಲ. ಏನು ಮಾಡಬೇಕಿತ್ತು? (ಶಿಕ್ಷಕರು, ಹೊನ್ನಾಳಿ ತಾಲ್ಲೂಕು)

ಉತ್ತರ: ಮಾಡಬೇಕಾದ ಕೆಲಸ ಹಿಂದಿನ ರಾತ್ರಿಯದಾಗಿತ್ತು. ಮಳೆ ಹಿಡಿದ ರಾತ್ರಿ ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ ಇರುತ್ತದೆ, ನಾಳೆ ಶಾಲೆ ಇದೆಯೋ ಇಲ್ಲವೋ ಎಂದು. ನಿಮ್ಮ ಕಚೇರಿ ಆ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಊರಿನ ಯಾರೋ ಒಬ್ಬರು ಕೊಡುತ್ತಾರೆ. ನಾವು ರಜೆ ಇದ್ದಾಗ ಮಾತ್ರ ತಿಳಿಸುತ್ತೇವೆ. ಶಾಲೆ ಇದೆ ಎಂಬುದನ್ನು ತಿಳಿಸುವ ರೂಢಿಯೇ ನಮ್ಮಲ್ಲಿಲ್ಲ. ಆದ್ದರಿಂದ ಜೂನ್ ಮೊದಲ ವಾರದಲ್ಲೇ ಎರಡು ಹೊತ್ತನ್ನು ಗೊತ್ತುಮಾಡಿ ಎಲ್ಲ ಮುಖ್ಯ ಶಿಕ್ಷಕರಿಗೂ ಪೋಷಕರಿಗೂ ಹೇಳಿಬಿಡಿ: ಜೋರು ಮಳೆಯ ದಿನ ರಾತ್ರಿ ಎಂಟಕ್ಕೆ ಒಂದು ಸಂದೇಶ, ಬೆಳಿಗ್ಗೆ ಆರೂವರೆಗೆ ಇನ್ನೊಂದು. ರಜೆ ಘೋಷಿಸುವ ಆದೇಶ ಜಿಲ್ಲಾಧಿಕಾರಿಗಳಿಂದ ಬರಬೇಕಾದ್ದರಿಂದ ರಾತ್ರಿ ಎಂಟಕ್ಕೆ ನಿಮ್ಮ ಕೈಯಲ್ಲಿ ಏನೂ ಇರದೆ ಹೋಗಬಹುದು. ಆಗಲೂ ‘ಈ ಹೊತ್ತಿನವರೆಗೆ ರಜೆಯ ಆದೇಶ ಬಂದಿಲ್ಲ, ಬೆಳಿಗ್ಗೆ ಆರೂವರೆಗೆ ಮತ್ತೆ ತಿಳಿಸುತ್ತೇವೆ’ ಎಂದು ಕಳುಹಿಸಿ. ಇದು ಮಾಹಿತಿಯೇ ಅಲ್ಲವೆಂದು ನಿಮ್ಮ ಮೇಲಧಿಕಾರಿಗಳು ಹೇಳಿಯಾರು. ಮಗುವಿಗೆ ಬುತ್ತಿ ಕಟ್ಟಬೇಕೋ ಬೇಡವೋ ಎಂದು ಕಾಯುತ್ತಿರುವ ತಾಯಿಗೆ ಇದೇ ದೊಡ್ಡ ಮಾಹಿತಿ.

ಸಂದೇಶದ ಮೊದಲ ಸಾಲಿನಲ್ಲೇ ದಿನಾಂಕ, ವಾರ, ತಾಲ್ಲೂಕು ಮತ್ತು ಯಾವ ತರಗತಿಯವರೆಗೆ ಎಂಬುದು ಇರಲಿ. ತುಂಗಭದ್ರೆ ಉಕ್ಕಿ ಹೊನ್ನಾಳಿ, ನ್ಯಾಮತಿ ಕಡೆ ಜನ ಆತಂಕದಲ್ಲಿರುವ ದಿನವೇ ಜಗಳೂರಿನಲ್ಲಿ ಬಿಸಿಲು ಕಾಯುತ್ತಿರಬಹುದು. ‘ನಾಳೆ ರಜೆ’ ಎಂಬ ಎರಡೇ ಪದಗಳ ಸಂದೇಶಕ್ಕೆ ಊರೂ ಇಲ್ಲ, ದಿನವೂ ಇಲ್ಲ. ಅದು ಮರುದಿನವೂ ಮರುವರ್ಷವೂ ನಿಜದಂತೆ ಕಾಣುತ್ತದೆ. ಅಂಗನವಾಡಿಗೂ ರಜೆಯೇ, ಪದವಿಪೂರ್ವ ಕಾಲೇಜಿಗೂ ಇದೆಯೇ ಎಂಬುದನ್ನು ಬಿಟ್ಟರೆ ಅದೇ ಪ್ರಶ್ನೆಯನ್ನು ನೂರು ಜನ ಫೋನಿನಲ್ಲಿ ಕೇಳುತ್ತಾರೆ.

ಸುಳ್ಳನ್ನು ಅಲ್ಲಗಳೆಯುವಾಗ ಆ ಸುಳ್ಳಿನ ಚಿತ್ರವನ್ನು ಮಾತ್ರ ಮತ್ತೆ ಹಂಚಬೇಡಿ. ನಾನು ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ ನಕಲಿ ಆದೇಶದ ಮೇಲೆ ಅಡ್ಡಲಾಗಿ ಕೆಂಪಕ್ಷರದಲ್ಲಿ ‘ಸುಳ್ಳು’ ಎಂದು ಬರೆದು ಕಳುಹಿಸಿದ್ದೆವು. ಮಧ್ಯಾಹ್ನದೊಳಗೆ ಯಾರೋ ಕೆಂಪಕ್ಷರ ಇಲ್ಲದಷ್ಟು ಭಾಗವನ್ನು ಕತ್ತರಿಸಿ ಹಂಚಿದ್ದರು. ನಮ್ಮದೇ ಸ್ಪಷ್ಟವಾದ ಪ್ರತಿ ನಮಗೇ ಮರಳಿ ಬಂತು. ಅಂದಿನಿಂದ ನಾನು ನಿಜವನ್ನಷ್ಟೇ ಬರೆಯುತ್ತೇನೆ: ‘ಇಂದು, ಮಂಗಳವಾರ, ಹೊನ್ನಾಳಿ ತಾಲ್ಲೂಕಿನ ಎಲ್ಲ ಶಾಲೆಗಳೂ ಎಂದಿನಂತೆ ನಡೆಯುತ್ತವೆ.’

ಇನ್ನೊಂದು ಮಾತು. ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳುಹಿಸಿದ್ದು ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಇನ್ನೂರು ಜನರಿಗೆ ಕಳುಹಿಸಿದ್ದೇವೆ ಎಂಬ ನೆಮ್ಮದಿಯಲ್ಲಿರುವ ಎಷ್ಟೋ ಮುಖ್ಯ ಶಿಕ್ಷಕರ ಸಂದೇಶ ಅರವತ್ತು ಮನೆಗೂ ಹೋಗಿರುವುದಿಲ್ಲ. ದಾಖಲಾತಿಯ ದಿನ, ಪೋಷಕರು ಎದುರಿಗಿರುವಾಗಲೇ, ಶಾಲೆಯ ಸಂಖ್ಯೆಯನ್ನು ಅವರ ಫೋನಿನಲ್ಲಿ ಉಳಿಸಿಕೊಡಿ.

ಪ್ರಶ್ನೆ: ಇಲಾಖೆಯ ಸುತ್ತೋಲೆಗಳನ್ನು ಪೋಷಕರ ಗುಂಪಿಗೆ ಹಾಕುತ್ತೇನೆ, ಸೂಚನಾ ಫಲಕಕ್ಕೂ ಅಂಟಿಸುತ್ತೇನೆ. ಆದರೂ ವಿದ್ಯಾರ್ಥಿವೇತನದ ಕೊನೆಯ ದಿನ ಮುಗಿದ ಮೇಲೆ ಬಂದು ‘ನಮಗೆ ಯಾರೂ ಹೇಳಲೇ ಇಲ್ಲ ಮೇಡಂ’ ಎನ್ನುತ್ತಾರೆ. (ಮುಖ್ಯ ಶಿಕ್ಷಕಿ, ಮೊಳಕಾಲ್ಮುರು ತಾಲ್ಲೂಕು)

ಉತ್ತರ: ಅವರು ಹೇಳುತ್ತಿರುವುದು ನಿಜ. ನೀವು ಪತ್ರದೊಂದಿಗೆ ಲಗತ್ತಿಸಿದ ಸುತ್ತೋಲೆಯನ್ನು ಓದಿದೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ 2ರ ಪತ್ರದನ್ವಯ, ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನಕ್ಕೆ ಅರ್ಹರಿರುವ ವಿದ್ಯಾರ್ಥಿಗಳ ಪೋಷಕರು ಆಧಾರ್ ಜೋಡಣೆಯಾಗಿರುವ ಬ್ಯಾಂಕ್ ಖಾತೆಯ ವಿವರ ಹಾಗೂ ಚಾಲ್ತಿಯಲ್ಲಿರುವ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಿಗದಿತ ಅವಧಿಯೊಳಗೆ ಸಲ್ಲಿಸಲು ಸೂಚಿಸಿದೆ, ತಪ್ಪಿದಲ್ಲಿ ಮುಂದಿನ ಆಗುಹೋಗುಗಳಿಗೆ ತಾವೇ ಹೊಣೆಗಾರರಾಗಿರುತ್ತೀರಿ’ ಎಂದಿದೆ. ಇದು ಒಂದು ಕಚೇರಿ ಇನ್ನೊಂದು ಕಚೇರಿಗೆ ಬರೆದ ಮಾತು. ನಾಳೆ ಲೆಕ್ಕಪರಿಶೋಧನೆಗೆ, ಮೇಲಿನವರ ವಿಚಾರಣೆಗೆ ಈ ಭಾಷೆ ಬೇಕು. ಅದನ್ನು ನಾನು ಹೀಗಳೆಯುವುದಿಲ್ಲ. ಅದು ಕಡತದಲ್ಲಿರಲಿ. ಮನೆಗೆ ಹೋಗುವ ಚೀಟಿಯನ್ನು ನೀವು ಬೇರೆಯಾಗಿ ಬರೆಯಬೇಕು, ಹೀಗೆ:

‘ನಿಮ್ಮ ಮಗುವಿನ ವಿದ್ಯಾರ್ಥಿವೇತನದ ಹಣ ಬ್ಯಾಂಕಿಗೆ ಬರಲು ಮೂರು ಜೆರಾಕ್ಸ್ ಬೇಕು. ಮಗುವಿನ ಆಧಾರ್, ಆಧಾರ್ ಜೋಡಿಸಿರುವ ಖಾತೆಯ ಪಾಸ್‌ಬುಕ್, ಜಾತಿ–ಆದಾಯ ಪ್ರಮಾಣಪತ್ರ. ಈ ತಿಂಗಳ 20ರೊಳಗೆ ಶಾಲೆಗೆ ತನ್ನಿ. ಪ್ರಮಾಣಪತ್ರ ಇಲ್ಲದವರು ಇವತ್ತೇ ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಅದು ಕೈಗೆ ಬರಲು ದಿನ ಹಿಡಿಯುತ್ತದೆ. ಗೊತ್ತಾಗದಿದ್ದರೆ ಮಧ್ಯಾಹ್ನ ಮೂರರ ಮೇಲೆ ಶಾಲೆಗೆ ಬಂದು ನನ್ನನ್ನು ಕೇಳಿ.’

ಮೊದಲನೆಯದರಲ್ಲಿ ಹಣ ಎಂಬ ಪದವೇ ಇಲ್ಲವೆಂಬುದನ್ನು ಗಮನಿಸಿ. ‘ನಿಗದಿತ ಅವಧಿ’ ಯಾವುದೆಂದು ತಿಳಿಯಲು ಉಲ್ಲೇಖಿತ ಪತ್ರವನ್ನು ಹುಡುಕಬೇಕು. ಆ ಪತ್ರ ಪೋಷಕರ ಬಳಿ ಇರುವುದಿಲ್ಲ, ನಿಮ್ಮ ಬಳಿಯೂ ಇರುತ್ತದೆಂಬ ಖಾತ್ರಿ ನನಗಿಲ್ಲ. ಬ್ಯಾಂಕ್ ಖಾತೆ ಇರುವುದು ಬೇರೆ, ಅದಕ್ಕೆ ಆಧಾರ್ ಜೋಡಣೆಯಾಗಿರುವುದು ಬೇರೆ. ಅರ್ಜಿ ಸರಿಯಾಗಿದ್ದೂ ಹಣ ಬಾರದೆ ನಿಲ್ಲುವುದು ಹೆಚ್ಚಾಗಿ ಇಲ್ಲಿಯೇ. ಹಾಗೆಯೇ ಅರ್ಜಿ ತುಂಬುವವರಿಗೆ ಬೇಕಾದದ್ದು ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆ. ಆ ಸಂಖ್ಯೆ ಕಾಣದಂತೆ ಮಡಚಿ ಜೆರಾಕ್ಸ್ ಮಾಡಿಸಿ ತಂದವರನ್ನು ಎರಡನೆಯ ಸಲ ಊರಿಂದ ನಡೆಸುವುದಕ್ಕಿಂತ, ಎಲ್ಲಿ ಕಾಣಬೇಕೆಂದು ಒಂದು ಪ್ರತಿಯ ಮೇಲೆ ಗುಂಡು ಸುತ್ತಿ ಗೋಡೆಗೆ ಹಚ್ಚಿ.

ಚೀಟಿ ಬರೆದಾದ ಮೇಲೆ ಬಿಸಿಯೂಟದ ಅಡುಗೆಯಮ್ಮನಿಗೆ ಒಮ್ಮೆ ಓದಿ ಹೇಳಿ, ‘ಈಗ ಏನು ಮಾಡಬೇಕು ಹೇಳಿ ಅಕ್ಕ’ ಎಂದು ಕೇಳಿ. ಆಕೆ ಬೇರೆ ಏನನ್ನೋ ಹೇಳಿದರೆ ತಪ್ಪು ಚೀಟಿಯದು. ನಾನು ಸೇವೆಯಲ್ಲಿದ್ದಷ್ಟು ಕಾಲ ಇದಕ್ಕಿಂತ ನಂಬಿಕೆಯ ಪರೀಕ್ಷೆಯನ್ನು ಕಂಡಿಲ್ಲ. ಮೊಳಕಾಲ್ಮುರು ಕಡೆಯ ಎಷ್ಟೋ ಮನೆಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ ಮಾತಾಡುತ್ತಾರೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅಂಥ ಕಡೆ ಅದೇ ಊರಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆಯೊಬ್ಬರಿಂದ ಒಂದು ನಿಮಿಷದ ಧ್ವನಿಸಂದೇಶ ಮಾಡಿಸಿ ಕಳುಹಿಸಿದರೆ ಹತ್ತು ಸುತ್ತೋಲೆಗಳ ಕೆಲಸವಾಗುತ್ತದೆ. ಸೂಚನಾ ಫಲಕ ಶಾಲೆಯ ಒಳಗಿರುತ್ತದೆ. ಪೋಷಕರು ದಿನವೂ ನಿಲ್ಲುವುದು ಹಾಲಿನ ಡೇರಿಯ ಮುಂದೆ, ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿಯ ಮುಂದೆ. ಚೀಟಿಯನ್ನು ಅಲ್ಲಿಗೂ ಅಂಟಿಸಿ. ಕಬ್ಬು ಕಡಿಯಲು ಗುಳೆ ಹೋಗುವ ಮನೆಗಳಿಗೆ ಅವರು ಹೊರಡುವ ಮೊದಲೇ ತಿಳಿಸಬೇಕೆಂಬುದನ್ನು ನಿಮ್ಮ ದಿನಚರಿಯಲ್ಲಿ ಬರೆದಿಟ್ಟುಕೊಳ್ಳಿ.

ಕಚೇರಿಯ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೆಯೇ ಎತ್ತಿ ಫೋನಿಗೆ ಹಾಕಿದರೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅದಕ್ಕೆ ಹೆದರಿ ನಾವು ಸೊಟ್ಟಗೆ ತೆಗೆದ ಫೋಟೊ ಕಳುಹಿಸುವುದನ್ನು ಕಲಿತೆವು. ಯುನಿಕೋಡ್‌ನಲ್ಲಿ ಬರೆಯಿರಿ, ದೊಡ್ಡದು ಮಾಡಿ ಓದಬಹುದು, ಓದಲು ಬಾರದವರಿಗೆ ಫೋನೇ ಓದಿ ಹೇಳುವಂತೆಯೂ ಮಾಡಬಹುದು.

ಪ್ರಶ್ನೆ: ಬಿಸಿಯೂಟ ಉಂಡ ಕೆಲವು ಮಕ್ಕಳು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು. ಇಪ್ಪತ್ತು ನಿಮಿಷದಲ್ಲಿ ವರದಿಗಾರರ ಫೋನ್ ಶುರುವಾಯಿತು. ಮೇಲಿನವರು ‘ಏನೂ ಹೇಳಬೇಡಿ’ ಎಂದರು. ಮರುದಿನ ಪತ್ರಿಕೆಗಳಲ್ಲಿ ನಾವು ಕೈಗೆ ಸಿಗಲಿಲ್ಲವೆಂದು ಬಂತು. (ಸಿಆರ್‌ಪಿ ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಚಿತ್ರದುರ್ಗ ಜಿಲ್ಲೆ)

ಉತ್ತರ: ವರದಿಗಾರರಿಗಿಂತ ಮೊದಲು ಪೋಷಕರು. ಆಸ್ಪತ್ರೆ ಸೇರಿದ ಪ್ರತಿ ಮಗುವಿನ ಮನೆಗೆ ಶಿಕ್ಷಕರೊಬ್ಬರು ಸ್ವತಃ ಫೋನ್ ಮಾಡಬೇಕು. ಆಮೇಲೆ ಉಳಿದ ಮಕ್ಕಳ ಪೋಷಕರಿಗೆ ಸಂದೇಶ. ಪತ್ರಿಕೆಗೆ ಹೇಳುವುದು ಮೂರನೆಯದು. ಈ ಮೂರೂ ಒಂದು ಗಂಟೆಯೊಳಗೆ ಆಗಬೇಕು.

ಹೇಳುವ ಮಾತಿನಲ್ಲಿ ಹೊತ್ತು ಇರಲಿ: ‘ಮಧ್ಯಾಹ್ನ 2.40ರ ಹೊತ್ತಿಗೆ ಇಷ್ಟು ಮಕ್ಕಳನ್ನು ಇಂಥ ಆಸ್ಪತ್ರೆಗೆ ಸೇರಿಸಲಾಗಿದೆ, ವೈದ್ಯರು ಹೀಗೆ ಹೇಳಿದ್ದಾರೆ, ಊಟದ ಮಾದರಿಯನ್ನು ತೆಗೆದಿರಿಸಲಾಗಿದೆ, ಸಂಜೆ ಐದಕ್ಕೆ ಮತ್ತೆ ತಿಳಿಸುತ್ತೇವೆ.’ ಆಮೇಲೆ ಸಂಖ್ಯೆ ಹೆಚ್ಚಾದರೂ ನೀವು ಸುಳ್ಳು ಹೇಳಿದಂತಾಗುವುದಿಲ್ಲ. ಹಲ್ಲಿ ಬಿದ್ದಿತ್ತಂತೆ, ಬೇಳೆ ಹಳೆಯದಂತೆ ಎಂಬ ಊಹೆಗಳು ನಿಮ್ಮ ಬಾಯಿಂದ ಬರಬಾರದು. ಕಾರಣ ಹೇಳಬೇಕಾದದ್ದು ಪ್ರಯೋಗಾಲಯ. ಆದರೆ ‘ಆತಂಕಪಡುವ ಅಗತ್ಯವಿಲ್ಲ’ ಎಂಬ ಸಿದ್ಧ ವಾಕ್ಯವೂ ಬೇಡ. ಮಗನ ಕೈಗೆ ಡ್ರಿಪ್ ಹಾಕಿದ್ದನ್ನು ನೋಡುತ್ತ ನಿಂತಿರುವ ತಂದೆಗೆ ಅದನ್ನು ಹೇಳಿ ನೋಡಿ, ಅವನು ಏನನ್ನುತ್ತಾನೆಂದು ತಿಳಿಯುತ್ತದೆ.

ಮೇಲಿನವರ ಭಯಕ್ಕೆ ಆಧಾರವಿಲ್ಲದಿಲ್ಲ. ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳು, 2021 ಸರ್ಕಾರಿ ನೌಕರರು ಮಾಧ್ಯಮದಲ್ಲಿ ಸರ್ಕಾರವನ್ನು ಟೀಕಿಸದಂತೆ ತಡೆಯುತ್ತವೆ. ಆದರೆ ಮಕ್ಕಳು ಯಾವ ಆಸ್ಪತ್ರೆಯಲ್ಲಿದ್ದಾರೆಂದು ಕರ್ತವ್ಯದ ಮೇಲೆ, ಅನುಮತಿ ಪಡೆದು ತಿಳಿಸುವುದು ಟೀಕೆಯಲ್ಲ. ಆ ಅನುಮತಿಯನ್ನು ಅವಘಡದ ದಿನ ಕೇಳಿದರೆ ಸಿಗುವುದಿಲ್ಲ. ಉಪನಿರ್ದೇಶಕರು ಸಭೆಯಲ್ಲಿದ್ದರೆ ಯಾರು ಮಾತಾಡಬೇಕು, ಅವರೂ ಸಿಗದಿದ್ದರೆ ಯಾರು ಎಂಬುದನ್ನು ಶಾಲೆ ಆರಂಭವಾಗುವಾಗಲೇ ಟಿಪ್ಪಣಿ ಹಾಕಿ ಸಹಿ ಮಾಡಿಸಿಕೊಳ್ಳಿ. ಜಿಲ್ಲೆಯ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಕಚೇರಿಗೂ ಅದರ ಪ್ರತಿ ಕೊಡಿ.

ಒಂದು ಎಚ್ಚರಿಕೆ. ಲೈಂಗಿಕ ಕಿರುಕುಳದಂಥ ಪ್ರಕರಣವಾದರೆ ಮೇಲೆ ಹೇಳಿದ ಕ್ರಮ ಅನ್ವಯಿಸುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ 23ನೆಯ ಕಲಮು ಹಾಗೂ 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ಮಗುವಿನ ಹೆಸರನ್ನಷ್ಟೇ ಅಲ್ಲ, ವಿಳಾಸ, ಶಾಲೆ, ಗುರುತು ಹತ್ತುವ ಯಾವುದನ್ನೂ ಪ್ರಕಟಿಸಬಾರದೆನ್ನುತ್ತವೆ. ‘ಹೆಸರು ಹೇಳಿಲ್ಲವಲ್ಲ ಸಾರ್, ಊರು ಮತ್ತು ತರಗತಿ ಮಾತ್ರ ಹೇಳಿದೆ’ ಎಂದ ಒಬ್ಬ ಸಹೋದ್ಯೋಗಿಯನ್ನು ನಾನು ಕಂಡಿದ್ದೇನೆ. ಆ ಊರಿನಲ್ಲಿ ಆ ತರಗತಿಗೆ ಇದ್ದದ್ದು ನಾಲ್ಕೇ ಹೆಣ್ಣುಮಕ್ಕಳು.

ಪ್ರಶ್ನೆ: ಕಾರ್ಯಕ್ರಮಗಳ ಫೋಟೊವನ್ನು ಫೇಸ್‌ಬುಕ್‌ಗೆ ಹಾಕಲು ಪೋಷಕರ ಒಪ್ಪಿಗೆ ಬೇಕೇ? (ಶಿಕ್ಷಕರು, ಹರಿಹರ)

ಉತ್ತರ: ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನು ಮಕ್ಕಳೆಂದೇ ಎಣಿಸಿ ಪಾಲಕರ ಒಪ್ಪಿಗೆಯನ್ನು ಕೇಳುತ್ತದೆ. ದಾಖಲಾತಿ ಅರ್ಜಿಯೊಂದಿಗೇ ಒಪ್ಪಿಗೆಯ ಹಾಳೆ ಇರಲಿ, ಬೇಡ ಎನ್ನಲೂ ಅದರಲ್ಲಿ ಜಾಗವಿರಲಿ. ಒಂದು ಜೊತೆ ಶೂ ಪಡೆಯುವ ಮಗುವಿನ ಸುತ್ತ ಹದಿನಾಲ್ಕು ಮಂದಿ ಗಣ್ಯರು ಕೈ ಚಾಚಿ ನಿಂತ ಚಿತ್ರಗಳನ್ನಂತೂ ಕಾನೂನಿಲ್ಲದಿದ್ದರೂ ಬಿಡಬಹುದು. ಫೋಟೊಗಿಂತ ನನ್ನನ್ನು ಹೆಚ್ಚು ಕಾಡುವುದು ಆಧಾರ್ ಸಂಖ್ಯೆ, ಜಾತಿ, ಖಾತೆ ಸಂಖ್ಯೆಗಳ ಸಮೇತ ಗುಂಪುಗಳಲ್ಲಿ ಬೀಳುವ ಫಲಾನುಭವಿಗಳ ಪಟ್ಟಿ. ಅದನ್ನು ಇಂದೇ ಅಳಿಸಿ.

ಪ್ರಶ್ನೆ: ನಾನು ದೈಹಿಕ ಶಿಕ್ಷಣ ಶಿಕ್ಷಕ. ಎರಡು ವರ್ಷದಿಂದ ಕಚೇರಿಯ ಪ್ರಕಟಣೆಗಳನ್ನೆಲ್ಲ ನಾನೇ ನೋಡಿಕೊಳ್ಳುತ್ತಿದ್ದೇನೆ. ಬಾಯಿಮಾತಿನ ಸೂಚನೆ ಬಿಟ್ಟರೆ ಬೇರೇನೂ ಇಲ್ಲ. ರಾತ್ರಿ ಹನ್ನೊಂದಕ್ಕೂ ಫೋನ್ ಬರುತ್ತದೆ. (ದಾವಣಗೆರೆ)

ಉತ್ತರ: ಮೊದಲು ಕಚೇರಿ ಆದೇಶ ಕೇಳಿ. ಯಾವ ಕೆಲಸ, ಯಾರ ಒಪ್ಪಿಗೆಯ ಮೇಲೆ, ಯಾವ ಹೊತ್ತಿನವರೆಗೆ ಎಂಬ ಮೂರೂ ಅದರಲ್ಲಿರಲಿ. ನಾಳೆ ಒಂದು ತಪ್ಪು ಪ್ರಕಟವಾದರೆ ಬಾಯಿಮಾತಿನ ಸೂಚನೆ ಯಾರಿಗೂ ನೆನಪಿರುವುದಿಲ್ಲ. ಹೊರಗೆ ಹೋಗುವ ಪ್ರತಿ ಪ್ರಕಟಣೆಯ ಮೇಲೂ ಅಧಿಕಾರಿಯ ಸಹಿ ಅಥವಾ ‘ಕಳುಹಿಸಿ’ ಎಂಬ ಅವರ ಸಂದೇಶ ಇರಲಿ, ಅದನ್ನು ದಿನಾಂಕದ ಪ್ರಕಾರ ಒಂದು ಕಡತದಲ್ಲಿ ಇಡಿ. ಕಚೇರಿಗೆ ಪ್ರತ್ಯೇಕ ಸಿಮ್ ಕೇಳಿ; ನಿಮ್ಮ ಸ್ವಂತ ಸಂಖ್ಯೆ ಒಮ್ಮೆ ಊರಿಗೆಲ್ಲ ಹರಡಿತೆಂದರೆ ವರ್ಗಾವಣೆಯಾದ ಮೇಲೂ ಜನ ನಿಮಗೇ ಫೋನ್ ಮಾಡುತ್ತಾರೆ. ನಾನು ನಿವೃತ್ತನಾಗಿ ವರ್ಷಗಳಾದವು. ಮೊನ್ನೆ ಜೋರು ಮಳೆ ಬಂದ ಬೆಳಿಗ್ಗೆ ಆರು ಗಂಟೆಗೆ ಯಾರೋ ಒಬ್ಬ ತಾಯಿ ಫೋನ್ ಮಾಡಿ, ‘ಸಾರ್, ಇವತ್ತು ಸ್ಕೂಲ್ ಐತಾ?’ ಎಂದು ಕೇಳಿದರು.